ರದ್ದಿಗೆ ಹೋದ ಊರು

ಜುಲೈ 1 ಬಂತೆಂದರೆ ಪತ್ರಿಕಾ ದಿನ. ತಾಲ್ಲೂಕು ಕೇಂದ್ರದಲ್ಲೊಂದು ಸಭೆ, ಹಿರಿಯ ಪತ್ರಕರ್ತರಿಗೊಂದು ಶಾಲು, ಹಾರ. ಭಾಷಣಕಾರರು ತಪ್ಪದೆ 1843ಕ್ಕೆ ಹೋಗುತ್ತಾರೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದನ್ನು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ನನ್ನ ಮನಸ್ಸು ಅಷ್ಟು ದೂರ ಹೋಗುವುದಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ನಿಂತುಬಿಡುತ್ತದೆ.

ಅಲ್ಲೊಂದು ಪ್ರೆಸ್ಸಿತ್ತು. ಅಲ್ಲಿಂದ ವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಮದುವೆ ಕಾಗದ, ಸೊಸೈಟಿಯ ರಸೀತಿ ಪುಸ್ತಕ, ಯಕ್ಷಗಾನ ಮೇಳದ ಹ್ಯಾಂಡ್‌ಬಿಲ್ಲು; ಆ ದುಡ್ಡಿನಲ್ಲೇ ಪತ್ರಿಕೆಯ ಹೊಟ್ಟೆ ತುಂಬಬೇಕು. ಕನ್ನಡದ ಮೊಳೆ ಜೋಡಿಸುವುದು ಸುಲಭದ ಕಸುಬಲ್ಲ. ಕಾಗುಣಿತಕ್ಕೆ, ಒತ್ತಿಗೆ ಬೇರೆ ಬೇರೆ ಖಾನೆ. ಕಂಪೋಸಿಟರನ ಕಣ್ಣು ಕೈಬರಹದ ಮೇಲೆ, ಬೆರಳು ತಾನಾಗಿ ಖಾನೆಯೊಳಗೆ. ಚುನಾವಣೆಯ ವಾರ ‘ಅಭ್ಯರ್ಥಿ’ಗಳು ಹೆಚ್ಚಾಗಿ ಅರ್ಕಾವೊತ್ತಿನ ಮೊಳೆ ಸಾಲದೆ ಬರುತ್ತಿತ್ತು. ಆಗ ಸಂಪಾದಕರು ಮಿಕ್ಕವರನ್ನೆಲ್ಲ ‘ಉಮೇದುವಾರ’ರನ್ನಾಗಿ ಮಾಡಿ ಸಮಸ್ಯೆ ಬಗೆಹರಿಸುತ್ತಿದ್ದರು.

ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಕಾನೂನಿನಂತೆ ‘ನಮೂನೆ 4’ ಅಚ್ಚಾಗಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು: ನಾಲ್ಕೂ ಕಡೆ ಒಂದೇ ಹೆಸರು. ವರದಿಗಾರ, ಪ್ರೂಫ್ ತಿದ್ದುವವ, ಚಂದಾ ಬಾಕಿ ವಸೂಲಿಗೆ ಸೈಕಲ್ ತುಳಿಯುವವ ಎಂಬ ಕಾಲಮ್ಮುಗಳಿದ್ದಿದ್ದರೆ ಅಲ್ಲಿಯೂ ಅದೇ ಹೆಸರು ಬರುತ್ತಿತ್ತು.

ಸುದ್ದಿಯಾದರೂ ಎಂಥದು? ಅಡಿಕೆ ಧಾರಣೆ, ಕೆರೆ ಕೋಡಿ ಬಿದ್ದದ್ದು, ಮೇಷ್ಟರ ವರ್ಗ, ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದವರ ಪಟ್ಟಿ, ತೀರಿಕೊಂಡವರ ಫೋಟೋ. ಪತ್ರಿಕೆ ಬರುವ ಹೊತ್ತಿಗೆ ಎಲ್ಲವೂ ಸಂತೆಯಲ್ಲಿ ಹಳತಾಗಿರುತ್ತಿತ್ತು. ಆದರೂ ಕಾಯುತ್ತಿದ್ದೆವು. ಸಂತೆಯ ಮಾತಿಗೆ ವಾರಸುದಾರರಿಲ್ಲ, ಅಚ್ಚಾದದ್ದಕ್ಕೆ ಇದ್ದರು. ಮುದ್ರಕರ, ಪ್ರಕಾಶಕರ ಹೆಸರನ್ನೂ ಅಚ್ಚಾದ ಸ್ಥಳವನ್ನೂ ಪತ್ರಿಕೆಯಲ್ಲಿ ಹಾಕಲೇಬೇಕೆಂದು 1867ರ ಕಾಯಿದೆಯೇ ಹೇಳಿತ್ತು. ಕೆರೆಯ ಹೂಳೆತ್ತಿದ ಬಿಲ್ಲಿನ ಬಗ್ಗೆ ಬರೆದರೆ ಕಂಟ್ರಾಕ್ಟರು ಮರುದಿನ ಬೆಳಿಗ್ಗೆ ಪ್ರೆಸ್ಸಿನ ಬಾಗಿಲಲ್ಲಿ ಹಾಜರು. ಕೂಗಾಡಿ, ಸಂಪಾದಕರು ತರಿಸಿದ ಚಹಾ ಕುಡಿದು, ಮುಂದಿನ ವಾರಕ್ಕೊಂದು ಸ್ಪಷ್ಟೀಕರಣ ಬರೆಸಿ ಹೋಗುತ್ತಿದ್ದರು. ಇವತ್ತು ಊರ ಸುದ್ದಿ ನಿಮಿಷದೊಳಗೆ ವಾಟ್ಸಾಪಿನಲ್ಲಿ ಬರುತ್ತದೆ. ಸುಳ್ಳಾದರೆ ಜಗಳವಾಡಲು ಯಾರ ಬಾಗಿಲಿಗೆ ಹೋಗೋಣ? ಯಾರನ್ನು ಕೇಳಿದರೂ ‘ನಂಗೂ ಯಾರೋ ಕಳಿಸಿದ್ದು ಮಾರಾಯ್ರೇ’ ಎನ್ನುತ್ತಾರೆ.

ಪತ್ರಿಕೆಯನ್ನು ಯಾರೂ ಕೊಲ್ಲಲಿಲ್ಲ. ಡಿಟಿಪಿ ಬಂತು, ಆಫ್‌ಸೆಟ್ ಬಂತು, ದೊಡ್ಡ ದಿನಪತ್ರಿಕೆಗಳು ಜಿಲ್ಲೆಗೊಂದು ಪುಟ ಬಿಟ್ಟುಕೊಟ್ಟವು. ಸಂಪಾದಕರಿಗೆ ವಯಸ್ಸಾಯಿತು, ಮಕ್ಕಳು ಬೆಂಗಳೂರು ಸೇರಿದರು. ಮೊಳೆಗಳು ಸೀಸದ ರೇಟಿಗೆ ಗುಜರಿಗೆ ಹೋದವು. ಎಲ್ಲ ಊರಿನ ಕಥೆಯೂ ಇದಲ್ಲ, ನಿಜ. 1957ರಲ್ಲಿ ಶುರುವಾದ ಮಡಿಕೇರಿಯ ‘ಶಕ್ತಿ’ ಇಂದಿಗೂ ಬರುತ್ತಿದೆ; ದಾವಣಗೆರೆಯಲ್ಲಿ ‘ಜನತಾವಾಣಿ’ ಇದೆ. ಅಂಥ ಊರಿನವರ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು.

ನಿಂತುಹೋದದ್ದಕ್ಕಿಂತ ಹೆಚ್ಚಿನ ಸಂಕಟ ಬೇರೆಯಿದೆ. ‘ಮಂಗಳೂರ ಸಮಾಚಾರ’ ಮಂಗಳೂರಿನಲ್ಲಿ ಒಂದು ವರ್ಷವೂ ತುಂಬಲಿಲ್ಲ. 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆದರೂ ಅದರ ಸಂಚಿಕೆಗಳು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಅಂದಿನ ಊರ ವರ್ತಮಾನವನ್ನು ಇಂದು ಓದಬಹುದು. ನನ್ನ ಬಾಲ್ಯದ ಊರ ವರ್ತಮಾನ ಓದಲು ಒಂದು ವರ್ಷದ ಪೂರ್ತಿ ಫೈಲೂ ಇಲ್ಲ. ಪತ್ರಿಕೆಗಳ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಕಳಿಸಬೇಕೆಂದು 1956ರಲ್ಲೇ ಕಾನೂನು ಬಂದಿತ್ತು. ಆದರೆ ಚಂದಾದಾರರಿಗೆ ಕಳಿಸುವ ಅಂಚೆ ಖರ್ಚಿಗೇ ತತ್ವಾರವಿದ್ದ ಮನುಷ್ಯನಿಗೆ ಕಾನೂನು ನೆನಪಾಗುವುದು ಕಷ್ಟ. ನಾವಾದರೂ ಇಟ್ಟುಕೊಂಡೆವೇ? ಅಡುಗೆಮನೆಯ ಶೆಲ್ಫಿಗೆ ಹಾಸಿದೆವು, ಪಠ್ಯಪುಸ್ತಕಕ್ಕೆ ಬೈಂಡ್ ಹಾಕಿದೆವು, ಉಳಿದದ್ದನ್ನು ತೂಕಕ್ಕೆ ಹಾಕಿದೆವು. ರಾಜ್ಯದ ಚರಿತ್ರೆ ಬರೆಯುವವರಿಗೆ ದೊಡ್ಡ ಪತ್ರಿಕೆಗಳ ಫೈಲುಗಳಿವೆ. ನಮ್ಮ ಕೆರೆಗೆ ಯಾವಾಗ ಕೋಡಿ ಬಿತ್ತೆಂದು ಅವು ಹೇಳುವುದಿಲ್ಲ.

ನಿಮ್ಮೂರಲ್ಲೂ ಇಂಥದೊಂದು ಪತ್ರಿಕೆ ಇದ್ದಿರಬಹುದು. ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ ಅದರ ಒಂದು ಸಂಚಿಕೆ ಸಿಕ್ಕರೂ ದಯವಿಟ್ಟು ರದ್ದಿಗೆ ಹಾಕಬೇಡಿ. ಮೊಬೈಲಿನಲ್ಲಿ ಪುಟಪುಟದ ಚಿತ್ರ ತೆಗೆದಿಟ್ಟು, ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಟ್ಟು, ಕೊಟ್ಟದ್ದಕ್ಕೆ ರಸೀತಿ ಪಡೆಯಿರಿ.