ನಮಗೆ ಕೇಳಿಸ್ತು, ನಾವು ಕೇಳಿಸ್ಕೊಳ್ಳಲಿಲ್ಲ

ಮೂರನೇ ಸೆಮ್ ಶುರುವಾದಾಗ ನಮ್ಮ ರೂಮಿಗೆ ಹೊಸಬನೊಬ್ಬ ಬಂದ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ. ನಾವಿಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಅವನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಒಂದಿನ ಊಟ ಆದ ಮೇಲಿನ ಕ್ಲಾಸು, ಅರ್ಧ ಜನಕ್ಕೆ ನಿದ್ದೆ. ಸರ್ ಬೋರ್ಡಿಂದ ತಿರುಗಿ ಅವನನ್ನ ನೋಡಿ "ಆರ್ ಯು ಲಿಸನಿಂಗ್?" ಅಂದ್ರು. ಅವನು ಎದ್ದು ನಿಂತು "ಯೆಸ್ ಸರ್, ಐ ಆಮ್ ಹಿಯರಿಂಗ್" ಅಂದ. ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವನ ಪಕ್ಕದಲ್ಲೇ ಕೂತಿದ್ದ ನಾವು.

ರಾತ್ರಿ ಅವನು ಸಿಟ್ಟು ಮಾಡ್ಕೊಳ್ಳದೆ ಕೇಳಿದ: "ಎರಡಕ್ಕೂ ಕೇಳೋದು ಅಂತ ತಾನೇ ಅರ್ಥ? ವ್ಯತ್ಯಾಸ ಏನ್ರೋ?"

ನಾವು ಮುಖ ಮುಖ ನೋಡ್ಕೊಂಡ್ವಿ. "ಹಂಗೆ ಹೇಳಲ್ಲ ಕಣೋ, ಕಿವಿಗೆ ಸರಿ ಅನ್ಸಲ್ಲ" ಅಂದ್ವಿ. ವೈವಾದಲ್ಲಿ ಈ ಉತ್ತರ ಕೊಟ್ರೆ ಸೊನ್ನೆ.

ಆಮೇಲೆ ಮೂವರೂ ಕೂತು ಬಿಡಿಸಿದ್ವಿ. ಗಂಟು ಬಿಚ್ಚಿದ್ದು ಕನ್ನಡದಿಂದಲೇ. ಪಕ್ಕದ ರೂಮಿನ ಹಾಡು 'ನಮಗೆ ಕೇಳಿಸುತ್ತೆ', ಬೇಡ ಅಂದ್ರೂ ಕಿವಿಗೆ ಬೀಳುತ್ತೆ. ಅದು ಹಿಯರ್. ಇಯರ್‌ಫೋನ್ ಹಾಕ್ಕೊಂಡು 'ನಾವು ಕೇಳ್ತೀವಿ', ಅದು ಲಿಸನ್. ಒಂದು ಕಡೆ 'ನಮಗೆ', ಇನ್ನೊಂದು ಕಡೆ 'ನಾವು', ಅಷ್ಟೇ! ಕಣ್ಣಿಗೂ ಇದೇ ಲೆಕ್ಕ: 'ನಮಗೆ ಕಾಣಿಸ್ತು' ಸೀ, 'ನಾವು ನೋಡಿದ್ವಿ' ಲುಕ್. ಕೊನೇ ಓವರ್‌ವರೆಗೂ ಮ್ಯಾಚ್ ನೋಡ್ತಾ ಕೂತರೆ ವಾಚ್. ಆದ್ರೆ ಸಿನಿಮಾಕ್ಕೆ ಸೀ ಅಂದ್ರೂ ನಡೆಯುತ್ತೆ. ಇಂಗ್ಲಿಷ್ ಅಷ್ಟೇನೂ ನಿಯತ್ತಿನ ಭಾಷೆ ಅಲ್ಲ. ಕೋರ್ಟಲ್ಲಿ ಜಡ್ಜ್ ಗಮನ ಕೊಟ್ಟೇ ಕೇಳಬೇಕು, ಆದ್ರೂ ಅದರ ಹೆಸರು ಹಿಯರಿಂಗ್.

"ಹಂಗಾದ್ರೆ ನಾನು ಜಡ್ಜು ಬಿಡ್ರೋ" ಅಂದ ಅವನು.

ಲೆಂಡ್, ಬಾರೋ ಐದು ನಿಮಿಷದ ಕೆಲಸ ಆಯ್ತು. ನಾವು ಸಾಲ ಕೊಡ್ತೀವಿ, ಸಾಲ ತಗೋತೀವಿ, ದಿಕ್ಕು ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಲ್ಲಿ ಎರಡಕ್ಕೂ ಬೇರೆ ಬೇರೆ ಪದ.

ದಸರಾ ರಜೆಗೆ ಅವನ ಊರಿಗೆ ಹೋಗಿದ್ವಿ. ಊಟ ಆದ ಮೇಲೆ ಒಳ್ಳೆ ಮಕ್ಕಳ ಥರ "ಆಂಟಿ, ಪಾತ್ರೆ ನಾವೇ ಒಗೀತೀವಿ" ಅಂದ್ವಿ. ವಾಶ್ ಅನ್ನೋ ಒಂದೇ ಪದದಲ್ಲಿ ಬಟ್ಟೆ, ಪಾತ್ರೆ, ಮುಖ ಎಲ್ಲ ಮುಗಿಸೋರು ನಾವು. ಅವನ ಅಮ್ಮ "ಬಟ್ಟೆ ಒಗೆಯೋದು, ಪಾತ್ರೆ ತೊಳೆಯೋದು ಕಣ್ರಪ್ಪ. ಬಿಡಿ, ನಾನೇ ತೊಳೀತೀನಿ" ಅಂದ್ರು. ನಗಲಿಲ್ಲ. ಅವನೂ ನಗಲಿಲ್ಲ.

ಆವತ್ತಿನ ಕ್ಲಾಸಾದ ಮೇಲೆ ಅವನು ಸರ್ ಮುಂದೆ ಎದ್ದು ಮಾತಾಡಿಲ್ಲ. ಡೌಟ್ ಬಂದ್ರೆ ನೋಟ್ಸಿನ ಮೂಲೇಲಿ ಬರೆದು ನಮ್ಮ ಕಡೆ ತಳ್ತಾನೆ, ನಾವು ಕೇಳ್ತೀವಿ. ಮೊನ್ನೆ ಸರ್ "ಗುಡ್ ಕ್ವೆಶ್ಚನ್" ಅಂದ್ರು. ನಮಗೆ.