ಸಮೀರವಾಡಿ: ಕಬ್ಬಿನ ನಾಡಿನಲ್ಲಿ ದನಗಳ ಪಾಲು

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಸಮೀಪವಿರುವ ಸಮೀರವಾಡಿ ಸಕ್ಕರೆಯಿಂದಲೇ ಹೆಸರಾದ ಊರು. ಕರಿಮಣ್ಣು, ಘಟಪ್ರಭೆಯ ನೀರು, ಎತ್ತ ನೋಡಿದರೂ ಕಬ್ಬು. ಹಂಗಾಮಿನಲ್ಲಿ ಇತ್ತ ಬಂದರೆ ಕಬ್ಬು ಹೇರಿಕೊಂಡು ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು ಕಾಣುತ್ತವೆ; ಗಾಳಿಯಲ್ಲಿ ಕಾಕಂಬಿಯ ವಾಸನೆ ಮೂಗಿಗೆ ಬಡಿಯುತ್ತದೆ.

ಇಲ್ಲಿನ ಗೋದಾವರಿ ಕಾರ್ಖಾನೆಗೆ ಕಬ್ಬಿನಲ್ಲಿ ಕಸವೆಂಬುದು ಕಡಿಮೆ. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 300 ಕಿಲೋ ಹಸಿ ಸಿಪ್ಪೆ ಉಳಿಯುತ್ತದೆ. ಅದು ಬಾಯ್ಲರಿನಲ್ಲಿ ಉರಿದು ಉಗಿಯಾಗಿ, ವಿದ್ಯುತ್ತಾಗುತ್ತದೆ. ಸುಮಾರು 40 ಕಿಲೋ ಕಾಕಂಬಿಯಿಂದ ಮದ್ಯಸಾರ ತಯಾರಾಗುತ್ತದೆ. ಆದರೆ ಒಂದು ಪಾಲು ಕಾರ್ಖಾನೆಯ ಗೇಟು ದಾಟುವುದೇ ಇಲ್ಲ. ಅದು ಕಬ್ಬಿನ ತುದಿಯ ಹಸಿರು ಸೋಗೆ.

ಕಟಾವಿನ ದಿನಗಳಲ್ಲಿ ಎತ್ತು, ಎಮ್ಮೆಗಳಿಗೆ ಇದು ಹಬ್ಬದೂಟ. ಹೊಟ್ಟೆ ತುಂಬಿ ಮಿಕ್ಕದ್ದು ಹೊಲದಲ್ಲೇ ಒಣಗಿ, ರವದಿಯ ಜೊತೆ ಬೆಂಕಿಗೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ರೈತ ಹಣ ಕೊಟ್ಟು ಮೇವು ತರುತ್ತಾನೆ!

ಸೋಗೆಯಲ್ಲಿರುವುದು ಹೆಚ್ಚಾಗಿ ನಾರು, ಅಂದರೆ ಸೆಲ್ಯುಲೋಸ್. ಅದು ನಮಗೆ ಜೀರ್ಣವಾಗದು. ನಿಜವಾಗಿ ಹಸುವಿಗೂ ಆಗದು. ಅದರ ರೂಮೆನ್ ಎಂಬ ದೊಡ್ಡ ಜಠರಕೋಶದಲ್ಲಿ ಬೀಡುಬಿಟ್ಟಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಹಸುವಿಗೆ ಆಹಾರ ಒದಗಿಸುತ್ತವೆ. ನಮಗೆ ಕಸವಾದದ್ದು ಹಾಲಾಗುವ ಗುಟ್ಟು ಇದೇ.

ಬೇಸಿಗೆಗೆ ಸೋಗೆಯನ್ನು ಕೂಡಿಡಲು ದಾರಿಯಿದೆ. ಹಸಿ ಇರುವಾಗಲೇ ಒಂದಂಗುಲದಷ್ಟು ಚಿಕ್ಕದಾಗಿ ಕತ್ತರಿಸಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣು ಮುಚ್ಚಬೇಕು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸೋಗೆಯ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಮೊಸರನ್ನು ಹುಳಿಯಾಗಿಸುವ ಆಮ್ಲವೂ ಇದೇ. ಆ ಹುಳಿಯೇ ಮೇವು ಕೊಳೆಯದಂತೆ ಕಾಯುತ್ತದೆ. ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧ.

ಒಂದು ಎಚ್ಚರ. ಸೋಗೆಯಲ್ಲಿ ಪ್ರೋಟೀನು ಕಡಿಮೆ. ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಸೋಗೆಯೊಂದನ್ನೇ ಹಾಕದೆ, ದ್ವಿದಳ ಮೇವು ಹಾಗೂ ಖನಿಜ ಮಿಶ್ರಣವನ್ನೂ ಕೊಡಬೇಕು.

ವಿದ್ಯಾರ್ಥಿಗಳೇ, ಈ ಸಲ ಕಟಾವಾದ ಒಂದು ಗುಂಟೆ ಹೊಲದ ಹಸಿ ಸೋಗೆಯನ್ನು ತೂಗಿ ನೋಡಿ. ಒಂದು ಎಮ್ಮೆ ದಿನಕ್ಕೆಷ್ಟು ಹಸಿಮೇವು ತಿನ್ನುತ್ತದೆಂದು ಮನೆಯ ಹಿರಿಯರನ್ನು ಕೇಳಿ, ಭಾಗಿಸಿ. ಎಷ್ಟು ದಿನದ ಮೇವು ಬೆಂಕಿಗೆ ಹೋಗುತ್ತಿದೆ ಎಂಬ ಲೆಕ್ಕವನ್ನು ತಂದೆತಾಯಿಯ ಮುಂದಿಡಿ.