ಈ ಆಲ್ಬಂ ಯಾರದು?

ಜಗತ್ತಿನ ಅತ್ಯುತ್ತಮ ಐನೂರು ಆಲ್ಬಂಗಳ ಪಟ್ಟಿಯಲ್ಲಿ ಕನ್ನಡದ್ದು ಒಂದೂ ಇಲ್ಲ ಅಂತ ಸಿಟ್ಟು ಮಾಡಿಕೊಳ್ಳೋದು ಸುಲಭ. ನಮ್ಮದೇ ಹತ್ತು ಆಲ್ಬಂ ಆರಿಸಿ ಅಂದರೆ ಆಗ ಬೆವರು ಬರುತ್ತೆ. ಸಿನಿಮಾ, ಭಾವಗೀತೆ, ತತ್ವಪದ, ದಾಸರ ಪದ, ಯಕ್ಷಗಾನ, ಈಗಿನ ಬ್ಯಾಂಡುಗಳು, ಎಲ್ಲ ಸೇರಿ ಬರೀ ಹತ್ತು. ಮಾಡಿ ನೋಡಿ.

ಪಟ್ಟಿ ಮಾಡೋದರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯದು ಎತ್ತಿದ ಕೈ. 2003ರಲ್ಲಿ ಅವರು ಐನೂರು ಆಲ್ಬಂ ಆರಿಸಿದಾಗ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಹೊಸದಾಗಿ ವೋಟು ಹಾಕಿಸಿದರು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೊದಲಾಯ್ತು, ಬೀಟಲ್ಸ್‌ನ ಆ ಆಲ್ಬಂ 24ಕ್ಕೆ ಇಳಿಯಿತು. 2024ರಲ್ಲಿ ಆ್ಯಪಲ್ ಮ್ಯೂಸಿಕ್ ನೂರರ ಪಟ್ಟಿ ಮಾಡಿತು, ಅದರಲ್ಲಿ ಲಾರಿನ್ ಹಿಲ್ ಮೊದಲು. ಹಾಡುಗಳು ಹಾಗೇ ಇದ್ದವು, ವೋಟು ಹಾಕೋರು ಬದಲಾದರು ಅಷ್ಟೇ.

ನಮ್ಮ ಬಾಗಲಗುಂಟೆ ಮನೆಯಲ್ಲಿ ವೋಟು ಮೂರು. ನಾನು, ಸಾಫ್ಟ್‌ವೇರ್. ನನ್ನ ರೂಮ್‌ಮೇಟ್, ಬಾಗಲಕೋಟೆ ಜಿಲ್ಲೆಯವನು, ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ ಪ್ರೋಗ್ರಾಂ ಬರೆಯುತ್ತಾನೆ. ಮೂರನೆಯವಳು ನನ್ನ ಸಹೋದ್ಯೋಗಿ, ಎಂಟನೇ ಮೈಲಿ ಹತ್ತಿರ ಅವಳ ಮನೆ, ಇಂಗ್ಲಿಷ್ ರಾಕ್ ಬಿಟ್ಟರೆ ಕನ್ನಡ ಸಿನಿಮಾ ಹಾಡು ಕೇಳುವವಳು. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಶುರುವಾದ ಚರ್ಚೆ ಈಗ ಐದನೇ ವಾರಕ್ಕೆ ಬಂದಿದೆ.

ಮೊದಲ ವಾರ ಅರ್ಧ ಗಂಟೆಯಲ್ಲಿ ಪಟ್ಟಿ ಮುಗಿದಿತ್ತು. ‘ಪ್ರೇಮಲೋಕ’, ‘ನಾಗರಹಾವು’, ‘ಗೀತಾ’, ‘ಜನುಮದ ಜೋಡಿ’, ‘ಮುಂಗಾರು ಮಳೆ’, ಹೀಗೇ ಹತ್ತೂ ಸಿನಿಮಾ. ರೂಮ್‌ಮೇಟ್ ಸುಮ್ಮನೆ ನೋಡಿ ಒಂದೇ ಮಾತು ಕೇಳಿದ. “ಅಲ್ಲೋ ಮಾರಾಯಾ, ಇದರಾಗ ಶರೀಫಜ್ಜ ಎಲ್ಲಿ ಅದಾನ?”

ಅವನ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ಆಲ್ಬಂ ಅಂದರೇನು ಅನ್ನೋದೇ ಪ್ರಶ್ನೆಯಾಯ್ತು. ಹಿಂದೆ 78 ಆರ್‌ಪಿಎಂ ಪ್ಲೇಟುಗಳ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಸುತ್ತಿತ್ತು. ನಾಲ್ಕಾರು ಪ್ಲೇಟುಗಳನ್ನು ಫೋಟೋ ಆಲ್ಬಂ ಥರದ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು, ಹೆಸರು ಅಲ್ಲಿಂದ ಬಂತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ ಹಾನಗಲ್’ ಅನ್ನೋ ಹೆಸರಲ್ಲಿ ಎಚ್‌ಎಂವಿಗೆ ಹಾಡಿದ್ದು ಇಂಥ ಪ್ಲೇಟುಗಳಿಗೇ. ಗಂಟೆಗಟ್ಟಲೆ ಒಂದು ರಾಗ ಬೆಳೆಸುವವರು ಮೂರು ನಿಮಿಷದಲ್ಲಿ ಹಾಡಿ ಎದ್ದು ಬರಬೇಕಿತ್ತು. ಅದನ್ನು ಅವರ ‘ಅತ್ಯುತ್ತಮ ಆಲ್ಬಂ’ ಅನ್ನೋದಾದರೂ ಹೇಗೆ? ಮಲ್ಲಿಕಾರ್ಜುನ ಮನ್ಸೂರರದೂ ಇದೇ ಕಥೆ. ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದ ಅವರನ್ನು ಬಲ್ಲವರು ಯಾವುದೋ ಕಛೇರಿಯ ರಾತ್ರಿಯನ್ನು ನೆನಪಿಸಿಕೊಳ್ಳುತ್ತಾರೆಯೇ ಹೊರತು ಎಲ್‌ಪಿ ನಂಬರನ್ನಲ್ಲ. ಆಲ್ಬಂ ಅಂತ ಅಳೆಯೋಕೆ ಹೊರಟ ತಕ್ಷಣ ಧಾರವಾಡ, ಹುಬ್ಬಳ್ಳಿ ಕಡೆಯ ಅರ್ಧ ಸಂಗೀತ ಲೆಕ್ಕದಿಂದ ಆಚೆ ಹೋಗುತ್ತೆ.

ಕರಾವಳಿಯವರೂ ಜಗಳಕ್ಕೆ ಬರಬಹುದು. ಭಾಗವತ ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ. ಅವರನ್ನು ರಂಗದ ಮೇಲೆ ನೋಡದ ನನ್ನ ವಯಸ್ಸಿನವರಿಗೂ ಆ ದನಿ ಗೊತ್ತಿದ್ದರೆ ಅದು ಕ್ಯಾಸೆಟ್ಟಿನಿಂದ.

ಎರಡನೇ ವಾರ ನಾನೊಂದು ನಿಯಮ ಇಟ್ಟೆ. ಒಂದೂ ಹಾಡು ದಾಟಿಸದೆ ಪೂರ್ತಿ ಕೇಳಿಸಿಕೊಂಡರೆ ಮಾತ್ರ ಆಲ್ಬಂ. ಪರೀಕ್ಷೆಗೆ ಜಾಗವೂ ಇತ್ತು. ನಾಗಸಂದ್ರದಲ್ಲಿ ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ ವೈಟ್‌ಫೀಲ್ಡ್ ಮುಟ್ಟುವಷ್ಟರಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿನ ಎರಡೂ ಬದಿ ಮುಗಿದು ಇನ್ನೂ ಹೊತ್ತು ಉಳಿಯುತ್ತೆ. 1987ರ ‘ಪ್ರೇಮಲೋಕ’ ಇದರಲ್ಲಿ ಸಲೀಸಾಗಿ ಪಾಸಾಯ್ತು. ಪದವೂ ಹಂಸಲೇಖ, ರಾಗವೂ ಹಂಸಲೇಖ. ಕಾಲೇಜಿನ ಕಥೆಯನ್ನು ಹಾಡುಗಳೇ ಮಾತಾಡಿ ಮುಗಿಸುತ್ತವೆ, ಸಿನಿಮಾ ನೋಡದಿದ್ದರೂ ನಡೆಯುತ್ತೆ. ‘ಮುಂಗಾರು ಮಳೆ’ಯ ಹಾಡುಗಳು ನನಗೂ ಇಷ್ಟ, ಕಾಯ್ಕಿಣಿಯವರ ಸಾಲುಗಳು ಬಾಯಿಗೆ ಬರುತ್ತವೆ. ಆದರೆ ನನಗೆ ಅವು ಬಿಡಿ ಬಿಡಿ ಹಾಡುಗಳಾಗಿಯೇ ಕೇಳುತ್ತವೆ. ಕೈಬಿಟ್ಟೆ. ಸಹೋದ್ಯೋಗಿ ಎರಡು ದಿನ ನನ್ನ ಜೊತೆ ಕಾಫಿಗೆ ಬರಲಿಲ್ಲ.

2008ರ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಇನ್ನೊಂದು ತಕರಾರು. ಅದರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಶರೀಫರ ತತ್ವಪದವೂ ಇದೆ. ಇದು ಕನ್ನಡ ಆಲ್ಬಂ ಹೌದೋ ಅಲ್ಲವೋ? ಬೆಂಗಳೂರಿನ ಒಂದು ದಿನದಲ್ಲಿ ನಾವು ಎಷ್ಟು ಭಾಷೆ ಮಾತಾಡ್ತೀವೋ ಅಷ್ಟೇ ಅದರಲ್ಲೂ ಇದೆ ಅಂತ ನಾನು ಸೇರಿಸಿದೆ. ರೂಮ್‌ಮೇಟ್ ಶರೀಫರ ಆಸೆಗೆ ಒಪ್ಪಿದ.

ಆದರೆ ಅವನ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಶರೀಫರು ಬದುಕಿದ್ದು 1819ರಿಂದ 1889. ನಮಗೆಲ್ಲ ಅವರು ಸಿಕ್ಕಿದ್ದು ಸಿ. ಅಶ್ವಥ್ ದನಿಯಲ್ಲಿ. ಹಾಗಾದರೆ ಆ ಆಲ್ಬಂ ಯಾರದು?

ಇಂಗ್ಲಿಷ್ ಪಟ್ಟಿಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಏಳೋದಿಲ್ಲ. ಆಲ್ಬಂಗೆ ಒಬ್ಬ ಯಜಮಾನ ಇರುತ್ತಾನೆ, ಅವನ ಹೆಸರಿನ ಮುಂದೆ ನಂಬರ್ ಹಾಕಿದರಾಯ್ತು. ನಮ್ಮಲ್ಲಿ ಹಾಗಲ್ಲ. 1978ರ ‘ನಿತ್ಯೋತ್ಸವ’ವನ್ನೇ ನೋಡಿ. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನು ಕರೆಯೋದು ರೂಢಿ. ಪದ್ಯ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು. ಇಬ್ಬರಲ್ಲಿ ಒಬ್ಬರ ಹೆಸರು ಅಳಿಸಿದರೂ ಆ ಕ್ಯಾಸೆಟ್ ಅರ್ಧ. ‘ಮೈಸೂರ ಮಲ್ಲಿಗೆ’ ಇನ್ನೂ ಮಜವಾಗಿದೆ. ಕೆ.ಎಸ್. ನರಸಿಂಹಸ್ವಾಮಿಯವರ ಪುಸ್ತಕ ಬಂದಿದ್ದು 1942ರಲ್ಲಿ. ಅರ್ಧ ಶತಮಾನ ಆದಮೇಲೆ ನಾಗಾಭರಣ ಅದನ್ನು ಸಿನಿಮಾ ಮಾಡಿದರು, ಅಶ್ವಥ್ ರಾಗ ಹಾಕಿದರು, ಕವಿಗೆ ರಾಷ್ಟ್ರಪ್ರಶಸ್ತಿ ಬಂತು, ಅದೂ ಚಿತ್ರಗೀತೆ ವಿಭಾಗದಲ್ಲಿ! ಅದನ್ನು ಯಾವ ಸಾಲಿನಲ್ಲಿ ಹಾಕೋಣ, ಸಿನಿಮಾನೋ, ಭಾವಗೀತೆನೋ?

ರಾಗ ಯಾರದು ಚೆನ್ನ ಅನ್ನೋ ವಾದ ನಮ್ಮಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿ ಧಾಟಿ, ಅವಧಿ 2 ನಿಮಿಷ 30 ಸೆಕೆಂಡು ಅಂತ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಅಶ್ವಥ್ ಧಾಟಿಯನ್ನು ಮೆಚ್ಚಿದವರಿಗೆ ಸಮಾಧಾನ ಆಗಲಿಲ್ಲ. ಗಾಯಕರೊಬ್ಬರು ಹೈಕೋರ್ಟ್‌ಗೆ ಹೋದರು, 2024ರಲ್ಲಿ ಅರ್ಜಿ ವಜಾ ಆಯ್ತು. ‘ರೋಲಿಂಗ್ ಸ್ಟೋನ್’ನವರು ಇಷ್ಟು ದೂರ ಹೋಗಿರಲಿಕ್ಕಿಲ್ಲ.

ನನಗೆ ತಲೆಬಿಸಿ ಶುರುವಾಗಿದ್ದು ಫೋನಿನಲ್ಲಿ ಹುಡುಕಿದಾಗ. ಭಾವಗೀತೆ ಕ್ಯಾಸೆಟ್ಟುಗಳು ಆ್ಯಪ್‌ಗಳಲ್ಲಿ ಇವೆ, ಇಲ್ಲ ಅಂತಲ್ಲ. ಆದರೆ ಹಾಡಿನ ಕೆಳಗೆ ಗಾಯಕರ ಹೆಸರು ಮಾತ್ರ. ಕವಿ ಬೇಕಾದರೆ ಮೂರು ಚುಕ್ಕಿ ಒತ್ತಿ ಒಳಗೆ ಹೋಗಬೇಕು. ಒಳಗೆ ಹೋದರೂ ಎಷ್ಟೋ ಕಡೆ ಖಾಲಿ. ಎರಡು ಕ್ಯಾಸೆಟ್ಟುಗಳನ್ನು ಒಡೆದು ‘ಹಿಟ್ಸ್’ ಅಂತ ಮೂರನೆಯದು ಮಾಡಿರುತ್ತಾರೆ. ಎಪ್ಪತ್ತು, ಎಂಬತ್ತರ ದಶಕದ ಹಾಡಿಗೆ ಆ್ಯಪ್‌ಗೆ ಏರಿಸಿದ ವರ್ಷ ಹಾಕಿರುತ್ತಾರೆ. ನಾಳೆ ಯಾರೋ ಹುಡುಗ ‘1980ರ ದಶಕದ ಅತ್ಯುತ್ತಮ ಕನ್ನಡ ಆಲ್ಬಂ’ ಅಂತ ವರ್ಷದ ಫಿಲ್ಟರ್ ಹಾಕಿದರೆ ಇವು ಕಣ್ಣಿಗೇ ಬೀಳೋದಿಲ್ಲ. ಪೋಸ್ಟರಿನಲ್ಲಿ ಹೀರೋ ಮುಖ ಇರುವ ಸಿನಿಮಾ ಆಲ್ಬಂ ಮೊದಲು ಬರುತ್ತೆ. ನಮ್ಮ ಮೊದಲ ವಾರದ ಪಟ್ಟಿ ಹಾಗಾಗಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

ತಂತ್ರಜ್ಞಾನದಲ್ಲಿ ಜಾಗ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಎಂಪಿ3 ಫೈಲಿನ ಒಳಗೆ ಐಡಿ3 ಅನ್ನೋ ಟ್ಯಾಗ್ ಇರುತ್ತೆ. ಅದರ ಎರಡನೇ ಆವೃತ್ತಿಯಿಂದಲೇ ರಾಗ ಹಾಕಿದವರಿಗೆ ಒಂದು ಖಾನೆ, ಪದ ಬರೆದವರಿಗೆ ಬೇರೆ ಖಾನೆ. ತುಂಬುವವರು ತುಂಬಿಲ್ಲ, ಅಷ್ಟೇ. ಪ್ರಕಾರದ ವಿಷಯಕ್ಕೆ ಬಂದರೆ ಆ ಟ್ಯಾಗಿನ ಮೊದಲ ಆವೃತ್ತಿಯಲ್ಲಿ 80 ಪ್ರಕಾರಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಬ್ಲೂಸ್‌ಗೆ 0, ಪೋಲ್ಕಾ ಕುಣಿತಕ್ಕೆ 75. ಭಾವಗೀತೆಗೆ, ತತ್ವಪದಕ್ಕೆ, ಯಕ್ಷಗಾನಕ್ಕೆ ಸಂಖ್ಯೆ ಇಲ್ಲ. ಪೋಲ್ಕಾ ಮೇಲೆ ನನಗೇನೂ ಸಿಟ್ಟಿಲ್ಲ.

ಇದನ್ನೆಲ್ಲ ನಾನು ಮಾಡಿಪಡಿಯ ಮೇಲೆ ಕೂತು ಹೇಳ್ತಾ ಇದ್ದಾಗ ಕೆಳಗಿನ ಮನೆಯಿಂದ ಓನರ್ ಅಂಕಲ್ ಕೇಳಿಸಿಕೊಂಡರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. “ಬನ್ರಪ್ಪಾ ಇಲ್ಲಿ” ಅಂತ ಕರೆದು ಮಂಚದ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು. ಪೆಟ್ಟಿಗೆ ತುಂಬಾ ಕ್ಯಾಸೆಟ್. ಮನೆಗೆ ಬಣ್ಣ ಹೊಡೆಸಬೇಕು, ಆಂಟಿ ಇದನ್ನು ಗುಜರಿಗೆ ಹಾಕಿ ಅಂತಿದ್ದಾರಂತೆ. ಪ್ಲೇಯರ್ ಕೆಟ್ಟು ವರ್ಷಗಳೇ ಆಗಿವೆ.

ಒಂದು ಕ್ಯಾಸೆಟ್ ತೆಗೆದು ಒಳಗಿನ ಮಡಚಿದ ಕಾರ್ಡ್ ಬಿಚ್ಚಿದೆ. ‘ಎ’ ಬದಿ, ‘ಬಿ’ ಬದಿ, ಒಂದೊಂದು ಹಾಡಿನ ಮುಂದೂ ಕವಿಯ ಹೆಸರು. ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ. ಕೆಳಗೆ ರಾಗ ಸಂಯೋಜನೆ, ಗಾಯನ, ಕೆಲವದರಲ್ಲಿ ತಬಲಾ, ಕೊಳಲು ಯಾರು ಅಂತ ಕೂಡ. ನಾನು ಎಷ್ಟು ಹುಡುಕಿದರೂ ಆ್ಯಪ್‌ನಲ್ಲಿ ಸಿಗದ ಮಾಹಿತಿ ನಾಲ್ಕಿಂಚಿನ ಕಾಗದದಲ್ಲಿ ಅಚ್ಚಾಗಿತ್ತು.

“ಅಶ್ವಥ್ ನಮ್ಮ ಥರಾನೇ ಫ್ಯಾಕ್ಟ್ರಿ ಮನುಷ್ಯ ಕಣಪ್ಪಾ, ಐಟಿಐನಲ್ಲಿದ್ರು” ಅಂದರು ಅಂಕಲ್. “ನಾವು ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಇದನ್ನ ಹಾಕ್ಕೊಂಡು ಮಲಗ್ತಿದ್ವಿ. ನಿಮ್ಮಾಂಟಿಗೆ ಒಂದೂ ಪದ್ಯದ ಪುಸ್ತಕ ಓದೋಕೆ ಬಿಡುವಿರಲಿಲ್ಲ, ಆದ್ರೆ ಬೇಂದ್ರೆ ಯಾರು, ನಿಸಾರ್ ಯಾರು ಅಂತ ಗೊತ್ತು. ಈ ಕಾರ್ಡ್ ಓದಿನೇ.”

ರೂಮ್‌ಮೇಟ್ ನನ್ನ ಕಡೆ ನೋಡಿದ. “ಕಾಕಾ, ಗುಜರಿಗೆ ಒಗೀಬ್ಯಾಡ್ರೀ. ನಮಗ ಕೊಡ್ರಿ” ಅಂದ.

ಅವತ್ತಿನಿಂದ ಪಟ್ಟಿಯ ರೂಪ ಬದಲಾಗಿದೆ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಆಲ್ಬಂ ಹೆಸರಿನ ಪಕ್ಕ ಈಗ ಮೂರು ಕಾಲಂ: ಬರೆದವರು, ರಾಗ ಹಾಕಿದವರು, ಹಾಡಿದವರು. ಮೂರೂ ತುಂಬದೆ ಯಾವುದಕ್ಕೂ ನಂಬರ್ ಕೊಡೋ ಹಾಗಿಲ್ಲ. ನಿಯಮ ಬಂದ ಕೂಡಲೇ ಸಿನಿಮಾಗಳು ಹತ್ತರಿಂದ ನಾಲ್ಕಕ್ಕೆ ಇಳಿದವು. ಉಳಿದ ನಾಲ್ಕರಲ್ಲಿ ‘ಸಂಧ್ಯಾರಾಗ’ ನಾನು ಸೇರಿಸಿದ್ದು. 1966ರ ಆ ಸಿನಿಮಾದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ಹಿಂದುಸ್ತಾನಿ, ಕರ್ನಾಟಕಿ ಎರಡೂ ಒಂದೇ ಕನ್ನಡ ಸಿನಿಮಾದಲ್ಲಿ ಇರುವಾಗ ಪ್ರಕಾರ ಅಂತ ಯಾವುದನ್ನು ಬರೆಯೋದು? ಆ ಕಾಲಂ ತೆಗೆದೇಬಿಟ್ಟೆ. ಸಹೋದ್ಯೋಗಿ ಈಗಲೂ ಒಪ್ಪಿಲ್ಲ. “ನವೆಂಬರ್‌ನಲ್ಲಿ ನಿಮ್ಮ ರೋಡಿನ ರಾಜ್ಯೋತ್ಸವದ ಆರ್ಕೆಸ್ಟ್ರಾಗೆ ಹೋಗಿ ನಿಂತ್ಕೊ. ಜನ ಒನ್ಸ್‌ಮೋರ್ ಅನ್ನೋದು ಯಾವುದಕ್ಕೆ ಅಂತ ಎಣಿಸು. ಅದೇ ಪಟ್ಟಿ” ಅನ್ನೋದು ಅವಳ ವಾದ. ಅದರಲ್ಲೂ ಸತ್ಯ ಇದೆ. ಆದರೆ ಒನ್ಸ್‌ಮೋರ್ ಬೀಳಬೇಕಾದರೆ ಹಾಡು ಮೊದಲು ಕಿವಿಗೆ ಬಿದ್ದಿರಬೇಕಲ್ಲ.

ನಲವತ್ತಮೂರು ಕಾರ್ಡುಗಳ ಫೋಟೋ ತೆಗೆದಾಯ್ತು. ರೂಮ್‌ಮೇಟ್ ಓದುತ್ತಾನೆ, ನಾನು ಟೈಪ್ ಮಾಡ್ತೀನಿ. ಒಂದರ ಕಾರ್ಡ್ ಮಾತ್ರ ಜಿರಲೆ ತಿಂದು ಅರ್ಧ ಹೋಗಿದೆ. ಹಾಡಿನ ಹೆಸರುಗಳಿವೆ, ಕವಿಗಳ ಹೆಸರಿದ್ದ ಬಲಬದಿಯೇ ಇಲ್ಲ. ಫೋನಿನಲ್ಲೂ ಅದು ಎಲ್ಲೂ ಸಿಕ್ಕಿಲ್ಲ. ಹಾಡು ಕೇಳಿದರೆ ಯಾರ ಪದ್ಯ ಅಂತ ಗುರುತು ಹಿಡಿಯಬಹುದು ಅನ್ನೋದು ಅಂಕಲ್ ಭರವಸೆ. ಪ್ಲೇಯರ್ ಬಿಚ್ಚಿ ನೋಡಿದ್ದಾರೆ, ಬೆಲ್ಟ್ ಹೋಗಿದೆಯಂತೆ. ಶನಿವಾರ ಎಸ್.ಪಿ. ರೋಡಿಗೆ ಹೋಗಿ ಹುಡುಕಬೇಕು.